ಗೋಟ್ ಕಷ್ಟವೋ, ಪ್ಯಾರಡೈಸ್ ಕಷ್ಟವೋ? ಓದುಗರ ಜಗಳಕ್ಕೆ ನನ್ನದೂ ಒಂದು ಮಾತು

ಹೋದ ಸಂಚಿಕೆಯಲ್ಲಿ ಒಬ್ಬ ಓದುಗರು "ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಅತಿ ಕಷ್ಟದ ಸ್ಕೀ ಟ್ರೇಲ್ ಯಾವುದು?" ಎಂದು ಕೇಳಿದ್ದರು. ಟ್ರೇಲ್ ಅಂದರೆ ಹಿಮದ ಬೆಟ್ಟದಿಂದ ಸ್ಕೀ ಹಾಕಿಕೊಂಡು ಜಾರಿ ಇಳಿಯುವ ದಾರಿ. ನಾನು ಹಿಂದೆಮುಂದೆ ನೋಡದೆ "ವರ್ಮಾಂಟ್‌ನ ಸ್ಟೋದಲ್ಲಿರುವ ಗೋಟ್" ಎಂದು ಒಂದೇ ಸಾಲು ಬರೆದು ಮುಗಿಸಿದ್ದೆ. ಜಾಗ ಕಮ್ಮಿ ಇತ್ತು, ಅಷ್ಟೇ. ಆಮೇಲೆ ಬಂದ ಪತ್ರಗಳನ್ನು ನೋಡಿದರೆ ಯಾರದೋ ಊರಿನ ತೇರಿನ ಬಗ್ಗೆ ಕೆಟ್ಟದಾಗಿ ಬರೆದುಬಿಟ್ಟೆನೇನೋ ಅನ್ನಿಸಿತು. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಸಂಕ್ರಾಂತಿ ಊಟಕ್ಕೆ ನಾಲ್ಕು ಮನೆಯವರು ಸೇರಿದ್ದೆವು. ನಿಮ್ಮ ಉತ್ತರ ಓದಿ ಒಬ್ಬರು "ಕಿಲ್ಲಿಂಗ್ಟನ್‌ನ ಔಟರ್ ಲಿಮಿಟ್ಸ್ ಮುಂದೆ ಇದೆಲ್ಲ ಏನೂ ಅಲ್ಲ" ಅಂದರು. ಇನ್ನೊಬ್ಬರು ವರ್ಮಾಂಟ್‌ನದೇ ಮ್ಯಾಡ್ ರಿವರ್ ಗ್ಲೆನ್ ಬೆಟ್ಟದ ಪ್ಯಾರಡೈಸ್ ಅಂದರು. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಬೇಕಾದ ದಿನ ಜಗಳ ಆಯಿತು. ಗೋಟ್ ಅಂದಿದ್ದಕ್ಕೆ ಕಾರಣ ಕೊಡಿ.
(ನ್ಯೂಜೆರ್ಸಿಯ ಓದುಗರು)

ಉತ್ತರ: ನಿಮ್ಮ ಸಂಕ್ರಾಂತಿ ಹಾಳು ಮಾಡಿದ್ದಕ್ಕೆ ಕ್ಷಮೆ ಇರಲಿ. ಮೊದಲು ಔಟರ್ ಲಿಮಿಟ್ಸ್ ವಿಷಯ. ವರ್ಮಾಂಟ್‌ನದೇ ಇನ್ನೊಂದು ಸ್ಕೀ ಜಾಗವಾದ ಕಿಲ್ಲಿಂಗ್ಟನ್‌ನ ಬೇರ್ ಮೌಂಟನ್ ಮೇಲಿಂದ ನೆಟ್ಟಗೆ ಇಳಿಯುವ ಅಗಲವಾದ ಟ್ರೇಲ್ ಅದು. ತುಂಬಾ ಮೊಗಲ್. ಮೊಗಲ್ ಅಂದರೆ ಸ್ಕೀ ಮಾಡುವವರು ಒಂದೇ ಜಾಗದಲ್ಲಿ ತಿರುಗಿ ತಿರುಗಿ, ಕೆರೆದ ಹಿಮವೆಲ್ಲ ಗುಡ್ಡೆ ಗುಡ್ಡೆಯಾಗಿ ನಿಂತದ್ದು. ಮೇಲಿಂದ ನೋಡಿದರೆ ಯಾರೋ ರಾಗಿಮುದ್ದೆಗಳನ್ನು ಸಾಲಾಗಿ ಇಟ್ಟ ಹಾಗೆ ಕಾಣುತ್ತದೆ. ಅರ್ಧ ದಾರಿಗೆ ತೊಡೆ ಉರಿಯಲು ಶುರುವಾಗುತ್ತದೆ, ಮುಕ್ಕಾಲು ದಾರಿಗೆ ಮೊಣಕಾಲು ಮಾತು ಕೇಳುವುದಿಲ್ಲ. ಆದರೆ ನಿಂತಲ್ಲಿಂದಲೇ ಕೆಳಗಿನವರೆಗೂ ಎಲ್ಲ ಕಾಣುತ್ತದೆ. ಒಂದು ಸಾಲು ಸರಿ ಇಲ್ಲ ಅಂದರೆ ಪಕ್ಕದ ಸಾಲಿಗೆ ಹೋಗಬಹುದು. ಸುಸ್ತಾದರೆ ನಿಲ್ಲಬಹುದು. ಅಂದರೆ ಕಷ್ಟ ತೊಡೆಗೆ ಮಾತ್ರ, ತಲೆಗೆ ಅಷ್ಟಿಲ್ಲ.

ಗೋಟ್ ಹಾಗಲ್ಲ. ಸ್ಟೋದ ಸ್ಕೀ ಜಾಗ ಇರುವುದು ವರ್ಮಾಂಟ್‌ನ ಅತಿ ಎತ್ತರದ ಬೆಟ್ಟವಾದ ಮೌಂಟ್ ಮ್ಯಾನ್ಸ್‌ಫೀಲ್ಡ್ ಮೇಲೆ. ಅಲ್ಲಿ ಅಕ್ಕಪಕ್ಕ ನಾಲ್ಕು ಕಷ್ಟದ ಟ್ರೇಲ್‌ಗಳಿವೆ: ಗೋಟ್, ಸ್ಟಾರ್, ನ್ಯಾಷನಲ್, ಲಿಫ್ಟ್‌ಲೈನ್. ಈ ನಾಲ್ಕಕ್ಕೂ ಸೇರಿಸಿ ಫ್ರಂಟ್ ಫೋರ್ ಎಂದು ಹೆಸರು. ನ್ಯಾಷನಲ್ ಮತ್ತು ಲಿಫ್ಟ್‌ಲೈನ್ ಅಗಲವಾಗಿವೆ, ಒಮ್ಮೊಮ್ಮೆ ಯಂತ್ರ ಓಡಿಸಿ ಹಿಮವನ್ನು ಸಮ ಮಾಡಿರುತ್ತಾರೆ, ಅಂಥ ದಿನ ಧೈರ್ಯ ಇದ್ದವರು ಇಳಿದುಬಿಡಬಹುದು. ಸ್ಟಾರ್ ಶುರುವಾಗುವ ಅಂಚಿನ ಮೇಲೆ ನಿಂತರೆ ಸ್ಕೀ ತುದಿಯ ಆಚೆ ಏನಿದೆ ಅಂತಲೇ ಕಾಣುವುದಿಲ್ಲ. ಬಾವಿಕಟ್ಟೆಯಿಂದ ಬಗ್ಗಿ ನೋಡಿದ ಹಾಗೆ. ಗೋಟ್ ಇದೆಯಲ್ಲ, ಅದು ಸಪೂರ. ಕಲ್ಲು ಬೇರು ಎಲ್ಲ ಹಾಗೇ ಇವೆ, ಎರಡೂ ಕಡೆ ಮರ. ಅದಕ್ಕಿಂತ ಮುಖ್ಯ, ಅದರ ಇಳಿಜಾರು ಎರಡು ದಿಕ್ಕಿಗಿದೆ. ಒಂದು ಬಿಂದಿಗೆ ನೀರು ಸುರಿದರೆ ಟ್ರೇಲಿನ ಉದ್ದಕ್ಕೆ ಹರಿಯದೆ ಅಡ್ಡಡ್ಡ ಹೋಗಿ ಪಕ್ಕದ ಮರದ ಬುಡಕ್ಕೆ ಸೇರುತ್ತದೆ, ನೀವೂ ಅಷ್ಟೇ. ಟ್ರೇಲ್ ಒಂದು ಕಡೆ ಕರೆಯುತ್ತದೆ, ಬೆಟ್ಟ ಇನ್ನೊಂದು ಕಡೆ ಎಳೆಯುತ್ತದೆ, ಪ್ರತಿ ತಿರುವಿನಲ್ಲೂ ಇವರಿಬ್ಬರ ಪಂಚಾಯಿತಿ ಮಾಡುತ್ತಾ ಇಳಿಯಬೇಕು. ಇದಕ್ಕೇ ನನ್ನ ವೋಟು.

ಪ್ಯಾರಡೈಸ್ ಅಂದವರಿಗೆ ನಾನು ಅರ್ಧ ಸೋಲುತ್ತೇನೆ. ಒಳಗೆ ಹೋಗುವುದಕ್ಕೇ ಮರಗಳ ನಡುವೆ ದಾರಿ ಹುಡುಕಬೇಕು, ಹೋದ ಸ್ವಲ್ಪ ಹೊತ್ತಿಗೆ ಹೆಪ್ಪುಗಟ್ಟಿದ ಪುಟ್ಟ ಜಲಪಾತ ಎದುರಾಗುತ್ತದೆ. ಅದರ ಮೇಲಿಂದ ಹಾರುತ್ತೀರೋ, ಪಕ್ಕದಲ್ಲಿ ನುಸುಳುತ್ತೀರೋ ನಿಮ್ಮಿಷ್ಟ. ಆದರೆ ಒಂದು ವಾರ ಹಿಮ ಚೆನ್ನಾಗಿ ಬಿದ್ದರೆ ಪ್ಯಾರಡೈಸ್ ಹೆಸರಿಗೆ ತಕ್ಕ ಹಾಗೆ ಮೆತ್ತಗಾಗುತ್ತದೆ. ಗೋಟ್ ಎಷ್ಟು ಹಿಮ ಬಿದ್ದರೂ ಪಕ್ಕಕ್ಕೆ ವಾಲುವುದನ್ನು ಬಿಡುವುದಿಲ್ಲ.

ಈ ಕಡೆಯ ಹಳೆಯ ಟ್ರೇಲ್‌ಗಳು ಇಷ್ಟು ಸಪೂರ, ಇಷ್ಟು ಅಂಕುಡೊಂಕು ಏಕೆ ಎಂದರೆ ಅವು ಲಿಫ್ಟ್, ಅಂದರೆ ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಯಂತ್ರ, ಬರುವುದಕ್ಕೂ ಮೊದಲಿನವು. ಮ್ಯಾನ್ಸ್‌ಫೀಲ್ಡ್ ಮೇಲೆ ಮೊದಲ ಟ್ರೇಲ್ ಕಡಿದದ್ದು 1933ರಲ್ಲಿ. ಆರ್ಥಿಕ ಕುಸಿತದ ಕಾಲ, ನಿರುದ್ಯೋಗಿ ಹುಡುಗರಿಗೆ ಸರ್ಕಾರ ಕೊಟ್ಟ ಕೆಲಸ ಅದು. ಚಾರ್ಲಿ ಲಾರ್ಡ್ ಎಂಬ ಎಂಜಿನಿಯರ್ ಗುರುತು ಹಾಕಿಕೊಟ್ಟ, ಹುಡುಗರು ಕೊಡಲಿ ಗರಗಸ ಹಿಡಿದು ಕಡಿದರು. ಬುಲ್ಡೋಜರ್ ತಂದು ಬೆಟ್ಟ ಸಮ ಮಾಡುವ ಪ್ರಶ್ನೆಯೇ ಇರಲಿಲ್ಲ, ಬೆಟ್ಟ ತಿರುಗಿದ ಕಡೆ ದಾರಿಯೂ ತಿರುಗಿತು.

ಪ್ರಶ್ನೆ: ನಮ್ಮ ಭಾವ ಡೆನ್ವರ್‌ನಲ್ಲಿದ್ದಾರೆ. "ನಿಮ್ಮ ವರ್ಮಾಂಟ್ ಬೆಟ್ಟಗಳು ನಂದಿಬೆಟ್ಟಕ್ಕಿಂತ ಗಿಡ್ಡ, ಅಲ್ಲೆಂಥ ಸ್ಕೀಯಿಂಗ್" ಎಂದು ಫೋನ್ ಮಾಡಿದಾಗಲೆಲ್ಲ ರೇಗಿಸುತ್ತಾರೆ. ಏನು ಹೇಳಲಿ?
(ಬಾಸ್ಟನ್ ಹತ್ತಿರದ ಓದುಗರು)

ಉತ್ತರ: ನಿಮ್ಮ ಭಾವ ಹೇಳಿದ್ದು ಸತ್ಯ! ನಂದಿಬೆಟ್ಟ 1,478 ಮೀಟರ್, ಮ್ಯಾನ್ಸ್‌ಫೀಲ್ಡ್ ಸುಮಾರು 1,340. ಆದರೆ ನಂದಿಬೆಟ್ಟದ ಬುಡವೇ ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನಲ್ಲಿದೆ. ಸ್ಕೀ ಮಾಡುವವರಿಗೆ ತುದಿ ಎಷ್ಟು ಎತ್ತರ ಅನ್ನೋದು ಬೇಡ, ತುದಿಯಿಂದ ಬುಡಕ್ಕೆ ಎಷ್ಟು ಇಳಿಯುತ್ತೀರಿ ಅನ್ನೋದು ಬೇಕು. ಕೊಲೊರಾಡೋದ ಬ್ರೆಕನ್‌ರಿಜ್ ತುದಿ ಸುಮಾರು 3,960 ಮೀಟರ್, ಆದರೆ ಬುಡವೇ 2,900 ಮೀಟರ್ ಮೇಲಿದೆ. ಇಳಿಯುವುದು ಸಾವಿರದ ಚಿಲ್ಲರೆ ಮೀಟರ್. ನಮ್ಮ ಕಿಲ್ಲಿಂಗ್ಟನ್‌ನಲ್ಲಿ 930. ನ್ಯೂಯಾರ್ಕ್ ರಾಜ್ಯದ ವೈಟ್‌ಫೇಸ್, 1980ರ ಚಳಿಗಾಲದ ಒಲಿಂಪಿಕ್ಸ್ ಆಲ್ಪೈನ್ ಸ್ಕೀ ನಡೆದ ಬೆಟ್ಟ, ಅಲ್ಲಿ ನಡೆದುಕೊಂಡು ಹತ್ತುವ ಸ್ಲೈಡ್ಸ್ ಭಾಗ ಸೇರಿಸಿದರೆ 1,045. ಭಾವನಿಗೆ ಈ ಲೆಕ್ಕ ಕಳಿಸಿ.

ಜೊತೆಗೆ ಇನ್ನೊಂದು ಮಾತು ಸೇರಿಸಿ. ಅವರಿಗೆ ಬೀಳುವ ಹಿಮ ಒಣ ಹಿಮ, ಅವಲಕ್ಕಿಯ ಹಾಗೆ ಹಗುರ. ನಮಗೆ ಜನವರಿಯಲ್ಲಿ ಹಿಮ ಬೀಳುತ್ತದೆ, ಮಾರನೇ ದಿನ ಮಳೆ ಬರುತ್ತದೆ, ಆ ರಾತ್ರಿ ಮೈನಸ್ ಹದಿನೈದು ಆಗುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಬೆಟ್ಟ ಪೂರ್ತಿ ಪಾಲಿಶ್ ಹಾಕಿದ ಕಡಪ ಕಲ್ಲು. ಇಲ್ಲಿಯವರು ಇದಕ್ಕೆ ಬಾಯ್ಲರ್‌ಪ್ಲೇಟ್ ಅನ್ನುತ್ತಾರೆ. ಅಲ್ಲಿ ಬಿದ್ದರೆ ಹೂತುಕೊಳ್ಳುತ್ತೀರಿ, ಇಲ್ಲಿ ಬಿದ್ದರೆ ಜಾರುತ್ತಲೇ ಇರುತ್ತೀರಿ. ಆರು ಒಲಿಂಪಿಕ್ ಪದಕ ಗೆದ್ದ ಬೋಡಿ ಮಿಲ್ಲರ್ ಸ್ಕೀ ಕಲಿತದ್ದು ನ್ಯೂ ಹ್ಯಾಂಪ್‌ಷೈರ್‌ನ ಕ್ಯಾನನ್ ಬೆಟ್ಟದ ಗಾಳಿ ಮತ್ತು ಐಸ್ ಮೇಲೆ. ಮಿಕೇಲಾ ಶಿಫ್ರಿನ್ ಹುಟ್ಟಿದ್ದು ಕೊಲೊರಾಡೋದಲ್ಲೇ, ಆದರೆ ಓದುತ್ತಾ ಸ್ಕೀ ಪಳಗಿದ್ದು ವರ್ಮಾಂಟ್‌ನ ಬರ್ಕ್ ಮೌಂಟನ್ ಅಕಾಡೆಮಿಯಲ್ಲಿ. ವಿಶ್ವಕಪ್ ರೇಸ್‌ಗಳಿಗೆ ಇಳಿಜಾರಿನ ಒಳಗೆ ನೀರು ಹಾಯಿಸಿ ಬೇಕೆಂದೇ ಗಟ್ಟಿ ಮಾಡುತ್ತಾರೆ. ನಮಗೆ ಅದು ಪುಕ್ಕಟೆ ಸಿಗುತ್ತದೆ, ಅಲ್ವಾ?

ಪ್ರಶ್ನೆ: ನೀವು ಮೇನ್ ರಾಜ್ಯವನ್ನೇ ಮರೆತಿದ್ದೀರಿ. ಶುಗರ್‌ಲೋಫ್‌ನ ವೈಟ್ ನೈಟ್ರೊ ಇಳಿದಿದ್ದೀರಾ? ಕಡಿದಾದ ಇಳಿಜಾರೇ ಕಷ್ಟದ ಇಳಿಜಾರು. ಡಿಗ್ರಿ ಅಳೆದು ಪಟ್ಟಿ ಮಾಡಿದರೆ ಜಗಳವೇ ಇರೋದಿಲ್ಲ.
(ಪೋರ್ಟ್‌ಲ್ಯಾಂಡ್‌ನ ಓದುಗರು)

ಉತ್ತರ: ಇಳಿದಿದ್ದೇನೆ ಸ್ವಾಮಿ, ಒಂದೇ ಸಲ. ಮತ್ತೆ ಕೇಳಬೇಡಿ. ಶುಗರ್‌ಲೋಫ್ ಬಗ್ಗೆ ನನಗೆ ಗೌರವ ಜಾಸ್ತಿಯೇ ಇದೆ. ತುದಿಯಲ್ಲಿ ಮರಗಳೇ ಇಲ್ಲದ ಬೋಳು ಹಿಮಬಯಲು ಇದೆ, ಲಿಫ್ಟ್ ಇರುವ ಬೆಟ್ಟಗಳಲ್ಲಿ ಇಂಥದ್ದು ಈ ಕಡೆ ಅಪರೂಪ.

ಆದರೆ ಡಿಗ್ರಿ ಲೆಕ್ಕದಿಂದ ಜಗಳ ಮುಗಿಯೋದಿಲ್ಲ, ಶುರುವಾಗುತ್ತದೆ. ಯಾವ ಡಿಗ್ರಿ? ಇಡೀ ಟ್ರೇಲಿನ ಸರಾಸರಿಯೋ, ನಡುವೆ ಇಪ್ಪತ್ತು ಮಾರು ದೂರದ ಅತಿ ಕಡಿದಾದ ತುಂಡಿನದೋ? ಪ್ರತಿ ಬೆಟ್ಟದವರೂ ತಮಗೆ ಅನುಕೂಲವಾದದ್ದನ್ನು ಹೇಳುತ್ತಾರೆ. ಅದರ ಮೇಲೆ ಕೆಲವರು ಡಿಗ್ರಿ ಬಿಟ್ಟು ಶೇಕಡಾ ಬರೆಯುತ್ತಾರೆ, ಅದು ದೊಡ್ಡದಾಗಿ ಕಾಣುತ್ತದೆ ನೋಡಿ. 45 ಡಿಗ್ರಿ ಅಂದರೆ ಶೇಕಡಾ 100. 30 ಡಿಗ್ರಿ ಅಂದರೆ ಶೇಕಡಾ 58. "ಶೇಕಡಾ 58" ಎಂದು ಓದಿದವರು ಗೋಡೆ ಅಂದುಕೊಳ್ಳುತ್ತಾರೆ, ನಮ್ಮ ಮನೆಗಳ ಮಹಡಿ ಮೆಟ್ಟಿಲೇ ಮೂವತ್ತು ಡಿಗ್ರಿ ಮೇಲಿರುತ್ತದೆ. ಮೆಟ್ಟಿಲು ದಿನಾ ಹತ್ತಿ ಇಳಿಯುತ್ತೀರಿ. ಅದೇ ಮೆಟ್ಟಿಲಿನ ಮೇಲೆ ಹಲಗೆ ಹಾಸಿ, ಎಣ್ಣೆ ಬಳಿದು, ಮಧ್ಯದಲ್ಲಿ ಎರಡು ಕಲ್ಲು ಇಟ್ಟರೆ? ಡಿಗ್ರಿ ಬದಲಾಗಿಲ್ಲ.

ಅದಕ್ಕೇ ನಾನು ಹೇಳುವುದು, ಟ್ರೇಲಿನ ಹೆಸರು ಹೇಳಿದರೆ ಸಾಲದು, ದಿನ ಮತ್ತು ಹೊತ್ತನ್ನೂ ಹೇಳಿ. ಬೆಳಗ್ಗೆ ಒಂಬತ್ತಕ್ಕೆ, ಯಂತ್ರ ಓಡಿಸಿ ಕಾರ್ಡುರಾಯ್ ಬಟ್ಟೆಯ ಹಾಗೆ ಗೆರೆ ಗೆರೆ ಮಾಡಿಟ್ಟ ಮೂವತ್ತು ಡಿಗ್ರಿ ಇಳಿಜಾರು ಸಲೀಸು. ಮಧ್ಯಾಹ್ನ ಎರಡಕ್ಕೆ, ಸಾವಿರ ಜನ ಕೆರೆದು ಹೋದ ಮೇಲೆ, ಕೆಳಗಿನ ನೀಲಿ ಐಸ್ ಮೇಲೆದ್ದಾಗ, ಇಪ್ಪತ್ತು ಡಿಗ್ರಿಯಲ್ಲೇ ದೇವರು ಕಾಣುತ್ತಾನೆ. ಯಂತ್ರದಿಂದ ಮಾಡಿದ ಹಿಮವಾದರೆ ಇನ್ನೂ ಗಟ್ಟಿ. ಆಕಾಶದ ಹಿಮಕ್ಕೆ ಆರು ಕೈಯ ಹರಳಿನ ಆಕಾರ ಇರುತ್ತದೆ, ನಡುವೆ ಗಾಳಿ ತುಂಬಿರುತ್ತದೆ. ನೀರು ಮತ್ತು ಒತ್ತಿದ ಗಾಳಿಯನ್ನು ಸೇರಿಸಿ ಸ್ನೋಗನ್ ಉಗುಳುವುದು ರವೆಯ ಹಾಗಿನ ಪುಟ್ಟ ಕಾಳು, ಒತ್ತೊತ್ತಾಗಿ ಕೂರುತ್ತದೆ. ಹಿಂದೆ ಈ ಗನ್ನು ಹುಟ್ಟಿದ್ದೂ ಇದೇ ಚಿಕ್ಕ ಬೆಟ್ಟಗಳ ನಾಡಿನಲ್ಲಿ, 1950ರಲ್ಲಿ, ಕನೆಕ್ಟಿಕಟ್ ರಾಜ್ಯದಲ್ಲಿ. ಹಿಮ ನಂಬುವ ಹಾಗಿಲ್ಲದ ಊರಿನವರೇ ಹಿಮ ಮಾಡುವುದನ್ನು ಕಲಿಯಬೇಕಾಯಿತು.

ಪ್ರಶ್ನೆ: ಪೆನ್ಸಿಲ್ವೇನಿಯಾದ ಪೊಕೊನೋ ಕಡೆ ಎರಡು ವರ್ಷದಿಂದ ಬ್ಲ್ಯಾಕ್ ಡೈಮಂಡ್ ಟ್ರೇಲ್‌ಗಳನ್ನು ಆರಾಮಾಗಿ ಇಳಿಯುತ್ತಿದ್ದೇನೆ. ಫೆಬ್ರವರಿಯಲ್ಲಿ ವರ್ಮಾಂಟ್‌ಗೆ ಹೋಗುತ್ತಿದ್ದೇವೆ. ಅಲ್ಲೂ ಬ್ಲ್ಯಾಕ್ ಇಳಿಯಬಹುದಲ್ವಾ?
(ಫಿಲಡೆಲ್ಫಿಯಾದ ಓದುಗರು)

ಉತ್ತರ: ನಿಧಾನ! ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ಡೈಮಂಡ್ ಕಷ್ಟ, ಎರಡು ಡೈಮಂಡ್ ತೀರಾ ಕಷ್ಟ. ಈ ಗುರುತು ಅಮೆರಿಕದಲ್ಲಿ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಆದರೆ ಯಾವ ಟ್ರೇಲಿಗೆ ಯಾವ ಗುರುತು ಅನ್ನೋದನ್ನು ಆಯಾ ಬೆಟ್ಟದವರೇ, ತಮ್ಮ ಬೆಟ್ಟದ ಬೇರೆ ಟ್ರೇಲ್‌ಗಳ ಜೊತೆ ಹೋಲಿಸಿ ನಿರ್ಧರಿಸುತ್ತಾರೆ. ಮೈಸೂರಿನವರ ಮನೆಯಲ್ಲಿ "ಸ್ವಲ್ಪ ಖಾರ ಜಾಸ್ತಿ ಆಯ್ತು" ಅಂದ ಸಾರು ವಿಜಯಪುರದವರಿಗೆ ಸಪ್ಪೆ. ಅದೇ ಕಥೆ. ಪೊಕೊನೋ ಸುತ್ತಮುತ್ತ ಬೆಟ್ಟ ಇಳಿಯುವುದು ಹೆಚ್ಚೆಂದರೆ 330 ಮೀಟರ್. ಅಲ್ಲಿನ ಕಪ್ಪು ಟ್ರೇಲಿನ ಕಡಿದಾದ ಭಾಗ ನಾಲ್ಕು ತಿರುವಿನಲ್ಲಿ ಮುಗಿಯುತ್ತದೆ. ವರ್ಮಾಂಟ್‌ನಲ್ಲಿ ನಾಲ್ಕು ತಿರುವಾದ ಮೇಲೆ ನೋಡಿದರೆ ಇನ್ನೂ ಮುಕ್ಕಾಲು ಬಾಕಿ ಇರುತ್ತದೆ.

ನಾನೂ ನಿಮ್ಮ ಹಾಗೇ ಹೋದವನು. ಮೂವತ್ತನಾಲ್ಕನೇ ವಯಸ್ಸಿಗೆ ಸ್ಕೀ ಕಲಿತು, ಎರಡು ಚಳಿಗಾಲ ಚಿಕ್ಕ ಗುಡ್ಡದಲ್ಲಿ ಮೆರೆದು, ಮೂರನೇ ವರ್ಷ ವರ್ಮಾಂಟ್‌ನ ಒಂದು ದೊಡ್ಡ ಬೆಟ್ಟದಲ್ಲಿ ಸೀದಾ ಡಬಲ್ ಬ್ಲ್ಯಾಕ್ ಹತ್ತಿರ ಹೋಗಿ ನಿಂತೆ. ಮೂರನೇ ತಿರುವಿನಲ್ಲಿ ಬಿದ್ದೆ. ಬಿದ್ದ ಮೇಲೆ ನಿಲ್ಲಬೇಕು ಅಲ್ವಾ? ನಿಲ್ಲಲಿಲ್ಲ. ಸ್ಕೀ ಎರಡೂ ಮೇಲೆ ಉಳಿದವು, ಕೋಲುಗಳು ಎಲ್ಲಿ ಹೋದವೋ, ನಾನು ಮಾತ್ರ ಬೆನ್ನ ಮೇಲೆ ಮಲಗಿ ಆಕಾಶ ನೋಡುತ್ತಾ ನೂರು ಮೀಟರ್ ಜಾರಿದೆ. ಏಳೋ ಎಂಟೋ ವರ್ಷದ ಹುಡುಗನೊಬ್ಬ ನನ್ನ ಸ್ಕೀ ಎರಡನ್ನೂ ತೋಳಲ್ಲಿ ಅಪ್ಪಿಕೊಂಡು ಅದೇ ಐಸ್ ಮೇಲೆ ಸಲೀಸಾಗಿ ಇಳಿದು ಬಂದು ಕೊಟ್ಟ. ಒಂದು ಗ್ಲೌಸ್ ಇವತ್ತಿಗೂ ಸಿಕ್ಕಿಲ್ಲ.

ಮೊದಲ ದಿನ ಅಲ್ಲಿನ ನೀಲಿ ಇಳಿಯಿರಿ. ಅದು ನಿಮ್ಮ ಊರಿನ ಕಪ್ಪಿನಷ್ಟೇ ಇದೆ ಅನ್ನಿಸಿದರೆ ಉತ್ತರ ಸಿಕ್ಕಿತು. ಬಾಡಿಗೆ ಸ್ಕೀ ತೆಗೆದುಕೊಳ್ಳುವಾಗ ಅಂಚಿನ ಮೇಲೆ ಉಗುರು ಕೆರೆದು ನೋಡಿ. ಚೂಪಾಗಿದ್ದರೆ ಉಗುರಿನ ಪುಡಿ ಏಳುತ್ತದೆ. ಮೊಂಡು ಈಳಿಗೆಮಣೆಯಲ್ಲಿ ತೊಂಡೆಕಾಯಿ ಹೆಚ್ಚಿದವರಿಗೆ ಗೊತ್ತು, ಅಂಚು ಹಿಡಿಯದಿದ್ದರೆ ಯಾವ ಕೈಚಳಕವೂ ನಡೆಯೋದಿಲ್ಲ.

ಪ್ರಶ್ನೆ: ವರ್ಮಾಂಟ್‌ನ ಸ್ಮಗ್ಲರ್ಸ್ ನಾಚ್ ಸ್ಕೀ ಜಾಗದಲ್ಲಿ ಬ್ಲ್ಯಾಕ್ ಹೋಲ್ ಎಂಬ ಟ್ರೇಲಿಗೆ ಮೂರು ಡೈಮಂಡ್ ಹಾಕಿದ್ದಾರೆ. ಮೂರು ಅಂದರೆ ಎರಡಕ್ಕಿಂತ ಕಷ್ಟ ತಾನೇ?
(ಆಲ್ಬನಿಯ ಓದುಗರು)

ಉತ್ತರ: ಮರಗಳ ನಡುವಿನ ಕಡಿದಾದ ಇಳಿಜಾರು ಅದು, ಹುಡುಗಾಟ ಅಲ್ಲ. ಆದರೆ ಮೇಲೆ ಹೇಳಿದ ಹಾಗೆ ಡೈಮಂಡ್ ಹಾಕುವ ಕೈ ಅವರದ್ದೇ. ಹೋಟೆಲಿನವನು ಬೋರ್ಡಿನಲ್ಲಿ "ಸ್ಪೆಷಲ್ ದೋಸೆ" ಕೆಳಗೆ "ಸೂಪರ್ ಸ್ಪೆಷಲ್ ದೋಸೆ" ಎಂದು ಬರೆದರೆ ನೀವು ತಿನ್ನದೆ ನಂಬುತ್ತೀರಾ?

ಪ್ರಶ್ನೆ: ಟಕರ್‌ಮನ್ ರಾವೀನ್ ಬಿಟ್ಟು ಪಟ್ಟಿ ಮಾಡಿದ್ದೀರಲ್ಲ! ಮತ್ತೆ, ಮೌಂಟ್ ವಾಷಿಂಗ್ಟನ್ ನಮ್ಮ ಮುಳ್ಳಯ್ಯನಗಿರಿಯಷ್ಟೇ ಎತ್ತರ ಅಂತಾರೆ, ನಿಜವಾ?
(ಚಿಕ್ಕಮಗಳೂರಿನವರು, ಈಗ ನ್ಯೂ ಹ್ಯಾಂಪ್‌ಷೈರ್‌ನಲ್ಲಿ)

ಉತ್ತರ: ನಿಜ, ನಮ್ಮದೇ ಒಂದು ಗೇಣು ಮೇಲೆ. ಮುಳ್ಳಯ್ಯನಗಿರಿ 1,930 ಮೀಟರ್, ವಾಷಿಂಗ್ಟನ್ 1,917. ಆದರೆ ಅಲ್ಲಿ ಹೋಗಿ ಮುಳ್ಳಯ್ಯನಗಿರಿಯ ಗಾಳಿಗೆ ಟೋಪಿ ಹಾರಿದ ಕಥೆ ಹೇಳಬೇಡಿ, ನಗುತ್ತಾರೆ. 1934ರ ಏಪ್ರಿಲ್ 12ರಂದು ಆ ತುದಿಯಲ್ಲಿ ಗಂಟೆಗೆ 372 ಕಿಲೋಮೀಟರ್ ಗಾಳಿ ಅಳೆದಿದ್ದಾರೆ. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ವಿಶ್ವದಾಖಲೆಯಾಗಿತ್ತು, 1996ರಲ್ಲಿ ಆಸ್ಟ್ರೇಲಿಯಾದ ಒಂದು ಚಂಡಮಾರುತ ಮುರಿಯಿತು. ಆ ಗಾಳಿಯೇ ತುದಿಯ ಬಯಲಿನ ಹಿಮವನ್ನೆಲ್ಲ ಗುಡಿಸಿ ತಂದು ಪಕ್ಕದ ಬಾಣಲೆಯಂಥ ತಗ್ಗಿಗೆ ಸುರಿಯುತ್ತದೆ. ಆ ಬಾಣಲೆಯೇ ಟಕರ್‌ಮನ್. ಅದಕ್ಕೇ ಕೆಳಗಿನ ಊರುಗಳಲ್ಲಿ ಹುಲ್ಲು ಚಿಗುರಿದ ಮೇಲೂ, ಏಪ್ರಿಲ್ ಮೇ ತಿಂಗಳಲ್ಲೂ ಅಲ್ಲಿ ಸ್ಕೀ ನಡೆಯುತ್ತದೆ.

ಪಟ್ಟಿಯಲ್ಲಿ ಏಕಿಲ್ಲ ಅಂದರೆ ಅದು ಟ್ರೇಲೇ ಅಲ್ಲ. ಲಿಫ್ಟ್ ಇಲ್ಲ, ಟಿಕೆಟ್ ಇಲ್ಲ, ಹಿಮ ಸಮ ಮಾಡುವವರಿಲ್ಲ. ಬೆನ್ನಿಗೆ ಸ್ಕೀ ಕಟ್ಟಿಕೊಂಡು ಬೆಟ್ಟದ ಬುಡದ ಪಿಂಕಮ್ ನಾಚ್‌ನಿಂದ ಸುಮಾರು ನಾಲ್ಕು ಕಿಲೋಮೀಟರ್ ನಡೆದು, ಆಮೇಲೆ ಹೆಡ್‌ವಾಲ್ ಅನ್ನುವ ಗೋಡೆಯನ್ನು ಬೂಟಿನ ತುದಿಯಿಂದ ಗುದ್ದಿ ಗುದ್ದಿ ಹತ್ತಬೇಕು. 40 ಡಿಗ್ರಿಯಿಂದ ಶುರು, ಕೆಲವು ಕಡೆ 55ರವರೆಗೂ ಹೋಗುತ್ತದೆ. ಹಿಮಕುಸಿತದ ಅಪಾಯವೂ ಇದೆ, ಮುನ್ಸೂಚನೆ ನೋಡದೆ ಹತ್ತಲೇಬಾರದು. 1939ರ ಇನ್ಫರ್ನೋ ರೇಸ್‌ನಲ್ಲಿ ಟೋನಿ ಮ್ಯಾಟ್ ಎಂಬ ಆಸ್ಟ್ರಿಯಾದ ಹತ್ತೊಂಬತ್ತರ ಹುಡುಗ ಆ ಗೋಡೆಯನ್ನು ಒಂದೂ ತಿರುವಿಲ್ಲದೆ ನೆಟ್ಟಗೆ ಇಳಿದುಬಿಟ್ಟ. ತುದಿಯಿಂದ ಬುಡಕ್ಕೆ ಆರು ನಿಮಿಷ 29.2 ಸೆಕೆಂಡ್. ನಾನು ಹತ್ತಿದವನು ಅರ್ಧಕ್ಕೇ ಕೂತು, ಕಟ್ಟಿಕೊಂಡು ಹೋಗಿದ್ದ ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು, ಬೇರೆಯವರು ಬೀಳುವುದನ್ನು ನೋಡಿ ಬಂದೆ. ಅಲ್ಲಿ ಹಾಗೆ ಕೂತು ನೋಡುವುದೂ ಒಂದು ಸಂಪ್ರದಾಯವೇ.

ಪ್ರಶ್ನೆ: ನನ್ನ ಮಗಳು ಸ್ನೋಬೋರ್ಡ್ (ಎರಡೂ ಕಾಲಿಗೆ ಒಂದೇ ಹಲಗೆ) ಮಾಡುತ್ತಾಳೆ. ಮ್ಯಾಡ್ ರಿವರ್ ಗ್ಲೆನ್‌ಗೆ ಕರೆದುಕೊಂಡು ಹೋಗಬಹುದಾ?
(ಹಾರ್ಟ್‌ಫರ್ಡ್‌ನ ಓದುಗರು)

ಉತ್ತರ: ಕರೆದುಕೊಂಡು ಹೋಗಬಹುದು, ಬೋರ್ಡ್ ಹತ್ತಿಸೋದಿಲ್ಲ. ಸ್ನೋಬೋರ್ಡ್ ಬೇಡ ಅನ್ನುವ ಮೂರೇ ಬೆಟ್ಟ ಅಮೆರಿಕದಲ್ಲಿ ಉಳಿದಿವೆ, ಇದು ಒಂದು, ಇನ್ನೆರಡು ಯೂಟಾದಲ್ಲಿ. 1995ರಿಂದ ಇದು ಸ್ಕೀ ಮಾಡುವವರೇ ಷೇರು ಹಾಕಿ ನಡೆಸುವ ಸಹಕಾರ ಸಂಘ, ನಮ್ಮ ಹಾಲಿನ ಡೈರಿ ಇದ್ದ ಹಾಗೆ. ಒಬ್ಬೊಬ್ಬರೇ ಕೂರುವ ಹಳೆಯ ಕುರ್ಚಿ ಲಿಫ್ಟನ್ನು ಬದಲಿಸದೆ ರಿಪೇರಿ ಮಾಡಿ ಇಟ್ಟುಕೊಂಡಿದ್ದಾರೆ. ನನಗೆ ಆ ಹಟ ಇಷ್ಟ. ನಿಮ್ಮ ಮಗಳಿಗೆ ಆಗಲಿಕ್ಕಿಲ್ಲ.

ಪ್ರಶ್ನೆ: ನಾವು ಕರ್ನಾಟಕದಲ್ಲೇ ಇರುವವರು. ಹಿಮವನ್ನೇ ನೋಡದವರು ಇದನ್ನು ಕಲಿಯೋದು ಸಾಧ್ಯವಾ?
(ಮೈಸೂರಿನ ಓದುಗರು)

ಉತ್ತರ: ಧಾರಾಳವಾಗಿ. ಉತ್ತರಾಖಂಡದ ಔಲಿಯಲ್ಲಿ, ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಹೊಸಬರಿಗೆ ಕೋರ್ಸ್‌ಗಳಿವೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ನಾರ್ಡಿಕ್ ಸ್ಕೀಯಲ್ಲಿ, ಅಂದರೆ ಉದ್ದ ದೂರ ಓಡುವ ಸ್ಕೀಯಲ್ಲಿ, ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಕಾಫಿ ತೋಟದ ನಾಡಿನಿಂದ ಹೋಗಿ ಅವರು ಗೆದ್ದಿದ್ದಾರೆ, ನೀವು ಬಿದ್ದೆದ್ದು ಕಲಿಯೋದಕ್ಕೆ ಏನು ಅಡ್ಡಿ?

ಪ್ರಶ್ನೆ: ನಿಮ್ಮ ಹೋದ ಸಲದ ಅಂಕಣ ಓದಿ ನಮ್ಮ ಮನೆಯವರು ಗೋಟ್ ಇಳಿದೇ ತೀರುತ್ತೇನೆ ಎಂದು ಕೂತಿದ್ದಾರೆ. ವಯಸ್ಸು ನಲವತ್ತೇಳು. ಮೊಣಕಾಲು ನೋವು ಬೇರೆ. ಹಚ್ಚಿದವರು ನೀವು, ಈಗ ಬಿಡಿಸಿ.
(ವಿಳಾಸ ಬೇಡ ಅಂದಿದ್ದಾರೆ)

ಉತ್ತರ: ಬೇಡ ಅಂದರೆ ಇನ್ನೂ ಜಾಸ್ತಿ ಹಟ ಮಾಡುತ್ತಾರೆ, ಅಕ್ಕ. ಹೋಗಲಿ ಬಿಡಿ. ಮೊದಲು ನ್ಯಾಷನಲ್ ಇಳಿದು ತೋರಿಸಿ ಅನ್ನಿ. ಇಳಿದರೆ, ಬಿಸಿಲು ಬಿದ್ದು ಹಿಮ ಸ್ವಲ್ಪ ಮೆತ್ತಗಾದ ಹೊತ್ತಿಗೆ, ಹನ್ನೊಂದರ ಮೇಲೆ, ಜೊತೆಗೆ ಒಬ್ಬರನ್ನು ಕಳಿಸಿ. ಮಳೆ ಬಂದ ಮಾರನೇ ದಿನ ಆ ಕಡೆ ತಲೆ ಹಾಕಿಯೂ ಮಲಗಬಾರದು. ಇನ್ನೊಂದು ಸಮಾಧಾನದ ಮಾತು: ಗೋಟ್ ಆಕಾಶದಿಂದ ಬೀಳುವ ಹಿಮವನ್ನೇ ನಂಬಿಕೊಂಡ ಟ್ರೇಲ್. ಹಿಮ ಸಾಲದಿದ್ದರೆ ಸ್ಕೀ ಪ್ಯಾಟ್ರೋಲ್, ಅಂದರೆ ಬೆಟ್ಟದ ಕಾವಲಿನವರು, ಟ್ರೇಲಿನ ಬಾಯಿಗೆ ಅಡ್ಡ ಹಗ್ಗ ಕಟ್ಟಿರುತ್ತಾರೆ, ಅದನ್ನು ದಾಟಿದರೆ ಪಾಸ್ ಕಿತ್ತುಕೊಳ್ಳುತ್ತಾರೆ. ನೀವು ಹೋದ ದಿನ ಹಗ್ಗ ಕಟ್ಟಿರಲಿ ಎಂದು ನಾನೂ ಹರಕೆ ಹೊರುತ್ತೇನೆ.